ಹೆಸರಿಲ್ಲದ ಮುನ್ನೂರ ಹನ್ನೆರಡು ಫೈಲುಗಳು

ಹಾರ್ಡ್ ಡ್ರೈವ್ ಬಿದ್ದಾಗ ಸದ್ದೇನೂ ದೊಡ್ಡದಾಗಿ ಆಗಲಿಲ್ಲ. ನಾನು ಕುರ್ಚಿಯನ್ನು ಹಿಂದಕ್ಕೆ ತಳ್ಳಿದೆ, ಅದರ ಕಾಲಿಗೆ ಸುತ್ತಿಕೊಂಡಿದ್ದ ಕೇಬಲ್ಲು ಜಗ್ಗಿತು, ಸೋಪಿನ ಡಬ್ಬಿಯಷ್ಟಿರುವ ಆ ಕಪ್ಪು ಪೆಟ್ಟಿಗೆ ಮೇಜಿನಿಂದ ನೆಲಕ್ಕೆ ಬಂತು. ಎತ್ತಿ ಮತ್ತೆ ಜೋಡಿಸಿದೆ. ಒಳಗಿನಿಂದ ಟಿಕ್, ಟಿಕ್ ಎಂದು ಗೋಡೆ ಗಡಿಯಾರದಂಥ ಸದ್ದು ಬಂತೇ ಹೊರತು ಲ್ಯಾಪ್‌ಟಾಪಿನ ಪರದೆಯ ಮೇಲೆ ಏನೂ ಮೂಡಲಿಲ್ಲ. ಅಕ್ಕನ ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು.

ಅಕ್ಕ ನನ್ನ ದೊಡ್ಡಮ್ಮನ ಮಗಳು. ಅವಳಿಗೆ ಕಣ್ಣು ಕಾಣುವುದಿಲ್ಲ. ದೊಡ್ಡ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಆ ವಿಭಾಗವನ್ನೇ ಮುಚ್ಚುತ್ತಾರಂತೆ. ಬಡ್ತಿ ಪರೀಕ್ಷೆ ಪಾಸಾದವರಿಗೆ ಮಾತ್ರ ಬೇರೆ ವಿಭಾಗದಲ್ಲಿ ಕುರ್ಚಿ. ಎರಡು ಸಲ ಫೇಲಾಗಿದ್ದಳು, ಮೂರನೆಯದೇ ಕೊನೆಯದು. ಓದಬೇಕಾದ ನಿಯಮಾವಳಿ ಜೆರಾಕ್ಸಿನ ಜೆರಾಕ್ಸು. ಓದಿ ಹೇಳುವ ಯಾವ ಯಂತ್ರಕ್ಕೂ ಅದರ ಅಕ್ಷರ ಹತ್ತುತ್ತಿರಲಿಲ್ಲ. ಪದವಿ ಮುಗಿಸಿ ಮನೆಯಲ್ಲೇ ಕೂತಿದ್ದ ನಾನು ಬಾಗಿಲು ಹಾಕಿಕೊಂಡು, ಐದು ತಿಂಗಳಲ್ಲಿ ನಲವತ್ತೊಂದು ಅಧ್ಯಾಯಗಳನ್ನು ಓದಿ ನೇರವಾಗಿ ಆ ಡ್ರೈವಿಗೇ ರೆಕಾರ್ಡ್ ಮಾಡಿದ್ದೆ. ಅಕ್ಕನ ಪುಟ್ಟ ಪ್ಲೇಯರಿನಲ್ಲಿ ನಾಲ್ಕೈದು ಅಧ್ಯಾಯಗಳಷ್ಟೇ ಹಿಡಿಯುತ್ತಿದ್ದವು. ಕೇಳಿದ್ದನ್ನು ಅಳಿಸಿ ಮುಂದಿನದನ್ನು ಹಾಕಿಸಿಕೊಳ್ಳುವಳು. ಈಗ ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ಕೇಳುವ ಹೊತ್ತು. ಇನ್ನೊಂದು ಪ್ರತಿ ಮಾಡಿಡಬೇಕೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನಗೆ ಕೆಟ್ಟ ಮೇಲೂ ಎರಡು ದಿನ ಬರಲಿಲ್ಲ.

ಆ ಎರಡು ದಿನ ಕೇಬಲ್ಲು ತೆಗೆಯುವುದು, ಹಾಕುವುದು, ಕಿವಿಯಿಟ್ಟು ಕೇಳುವುದು, ಇಷ್ಟೇ ಮಾಡಿದೆ. ಮತ್ತೆ ಓದೋಣವೆಂದರೆ ಅದು ಮೂವತ್ತು ಗಂಟೆಯ ಓದು. ಮುಕ್ಕಾಲು ಗಂಟೆ ಓದಿದರೆ ನನ್ನ ಗಂಟಲು ಕಟ್ಟುತ್ತದೆ. ಡೇಟಾ ತೆಗೆದುಕೊಡುವ ಕಂಪನಿಯೊಂದಕ್ಕೆ ಫೋನ್ ಮಾಡಿದರೆ ಅವರು ಹೇಳಿದ್ದು ಅಕ್ಕನ ನಾಲ್ಕು ತಿಂಗಳ ಸಂಬಳ. ಎಲ್ಲಾ ಒಟ್ಟಿಗೆ ಯಾವಾಗ ಕೊಡ್ತೀಯ ಎಂದು ಅಕ್ಕ ಕೇಳಿದಾಗ, ಜೋಡಿಸುತ್ತಿದ್ದೇನೆ ಎಂದು ಸುಳ್ಳು ಹೇಳಿದೆ.

ಕೊನೆಗೆ ಅಮ್ಮನೇ ಬೈದು ನನ್ನನ್ನು ರೇಡಿಯೊ ಮಾಮನ ಅಂಗಡಿಗೆ ಅಟ್ಟಿದಳು. ಅವರು ರೇಡಿಯೊ ರಿಪೇರಿ ಬಿಟ್ಟು ಕಂಪ್ಯೂಟರಿಗೆ ಇಳಿದು ಎಷ್ಟೋ ವರ್ಷವಾಗಿದ್ದರೂ ಹೆಸರು ಹಾಗೇ ಉಳಿದಿತ್ತು. ಬಿದ್ದ ಮೇಲೆ ಎಷ್ಟು ಸಲ ಹಾಕಿ ನೋಡಿದೆ ಎಂದು ಮೊದಲು ಕೇಳಿದರು. ಒಂಬತ್ತು ಸಲ ಎಂದೆ. ಅದು ಹತ್ತೊಂಬತ್ತು ಇದ್ದೀತು.

"ಬಿದ್ದು ಕಾಲು ಮುರ್ಕೊಂಡವನನ್ನ ಒಂಬತ್ತು ಸಲ ಎಬ್ಬಿಸಿ ಓಡಿಸಿದ್ದೀಯಲ್ಲ ತಾಯಿ," ಎಂದರು. "ಫ್ರಿಜ್ಜಲ್ಲಿ ಇಡಲಿಲ್ಲ ತಾನೆ?"

ಇಂಟರ್ನೆಟ್ಟಿನಲ್ಲಿ ಓದಿದ್ದೆ, ಇಡೋಣವೆಂದಿದ್ದೆ ಎಂದು ಒಪ್ಪಿಕೊಂಡೆ. ಅದು ತರಕಾರಿಗೆ ಮಾತ್ರ ಎಂದರು.

ಅವರು ಮೊದಲು ಖರ್ಚಿಲ್ಲದ್ದನ್ನು ಮಾಡಿದರು. ಹೊರಗಿನ ಕವಚ ಬಿಚ್ಚಿ ಒಳಗಿನ ಡ್ರೈವನ್ನಷ್ಟೇ ತೆಗೆದು, ಬೇರೆ ಕೇಬಲ್ಲಿನಿಂದ ನೇರ ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು. ಟಿಕ್ ಸದ್ದು ನಿಂತಿತು. ಜಗ್ಗಿದ ಕೇಬಲ್ಲಿನಿಂದ ಸರಿಯಾಗಿ ಕರೆಂಟು ಹೋಗುತ್ತಿರಲಿಲ್ಲವಂತೆ. ಒಳಗೆ ತಟ್ಟೆಯನ್ನು ಓದುವ ಹೆಡ್ಡೇ ಮುರಿದಿದ್ದರೆ ಕಂಪನಿಯವರೇ ಗತಿಯಾಗಿತ್ತು. ಪರದೆಯ ಮೇಲೆ ಡ್ರೈವಿನ ಹೆಸರು ಕಂಡದ್ದೇ ನಾನು ಮೌಸಿಗೆ ಕೈ ಹಾಕಿದೆ. ಅವರು ನನ್ನ ಕೈ ತಟ್ಟಿದರು.

"ಸಾಯೋ ಮುದುಕನ ಹತ್ರ ಮೊದ್ಲು ಸಹಿ ಹಾಕಿಸ್ಕೋಬೇಕು. ಕಾಗದ ಆಮೇಲೆ ಓದ್ಕೊಂಡ್ರಾಯ್ತು."

ಪೆಟ್ಟಾದ ಡ್ರೈವಿನಲ್ಲಿ ಏನನ್ನೂ ತೆರೆಯದೆ, ಅದರಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೊಸ ಡ್ರೈವಿಗೆ ಇಳಿಸಿಕೊಳ್ಳಬೇಕು. ಹುಡುಕುವುದೆಲ್ಲ ಆ ಪ್ರತಿಯಲ್ಲಿ. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಕೆಟ್ಟ ಜಾಗ ಬಂದರೆ ಅಲ್ಲೇ ತಲೆ ಚಚ್ಚಿಕೊಳ್ಳದೆ ಮುಂದೆ ಹೋಗಿ, ಕೊನೆಗೆ ಮತ್ತೆ ಬಂದು ನೋಡುತ್ತದೆ. ಹೊಸ ಡ್ರೈವ್ ನಾನು ತರಬೇಕು, ಏನೂ ಸಿಗದಿದ್ದರೆ ಕೂಲಿ ಬೇಡ ಎಂದರು. ಇಳಿಯಲು ಎರಡು ದಿನ ಹಿಡಿಯಿತು. ಸ್ಟೂಲಿನ ಮೇಲೆ ಕೂತು ನಾನು ಶೇಕಡಾವಾರು ಅಂಕಿಯನ್ನೇ ನೋಡುತ್ತಿದ್ದೆ. ಅರವತ್ಮೂರರಲ್ಲಿ ಅದು ನಾಲ್ಕು ತಾಸು ನಿಂತಿತು. ಹೀಗೇ ನೋಡ್ತಿದ್ರೆ ಅದಕ್ಕೂ ನಾಚಿಕೆ ಆಗತ್ತೆ, ಹೋಗಿ ಊಟ ಮಾಡ್ಕೊಂಡು ಬಾ ಎಂದು ಮಾಮ ಎಬ್ಬಿಸಿದರು.

ಮೂರನೆಯ ದಿನ ಮುನ್ನೂರ ಹನ್ನೆರಡು ಫೈಲುಗಳು ಸಿಕ್ಕವು. ಹೆಸರುಗಳ ಪಟ್ಟಿಯೇ ಹಾಳಾಗಿದ್ದರಿಂದ ಯಾವುದಕ್ಕೂ ಹೆಸರಿರಲಿಲ್ಲ, ಬರೀ ಸಂಖ್ಯೆ. ಅಧ್ಯಾಯಕ್ಕೆ ಮೂರು ಭಾಗದಂತೆ ನನ್ನವು ನೂರಿಪ್ಪತ್ತೋ ಏನೋ ಇದ್ದದ್ದು, ಇಷ್ಟು ಹೇಗಾದವು ಎಂದು ಕೇಳಿದೆ.

"ಅಳಿಸಿದ್ದೂ ಬಂದಿವೆ. ಅಳಿಸೋದು ಅಂದ್ರೆ ಬಾಗಿಲ ಮೇಲಿನ ಬೋರ್ಡು ಕೀಳೋದು ಅಷ್ಟೇ. ಒಳಗಿನ ಬಾಡಿಗೆಯವ್ರು ಅಲ್ಲೇ ಇರ್ತಾರೆ, ಹೊಸಬರು ಬರೋವರೆಗೂ."

ಪರೀಕ್ಷಿಸಲು ಒಂದನ್ನು ಒತ್ತಿದರು. ನನ್ನ ದನಿ ಅಂಗಡಿ ತುಂಬಿತು. ರಜೆಯ ನಿಯಮವೊಂದನ್ನು ಓದುತ್ತಿದ್ದವಳು ನಡುವೆ ತಡವರಿಸಿ, "ಅಯ್ಯೋ ದರಿದ್ರವೇ," ಎಂದು ನನ್ನನ್ನೇ ಬೈದುಕೊಂಡೆ. ಪ್ರಿಂಟರಿಗಾಗಿ ಕಾಯುತ್ತಿದ್ದವರೊಬ್ಬರು ತಿರುಗಿ ನೋಡಿ ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನನಗೆ ಹನ್ನೆರಡನೆಯ ಅಧ್ಯಾಯ ನೆನಪಾಗಿತ್ತು.

ಅದು ಪಿಂಚಣಿ ಲೆಕ್ಕದ ಅಧ್ಯಾಯ. ಅದನ್ನು ಓದುತ್ತಿದ್ದಾಗ ಅಮ್ಮ ಬಾಗಿಲು ತೆರೆದು, ಇಷ್ಟೆಲ್ಲ ಗಂಟಲು ಹರ್ಕೊಂಡ್ರೆ ಅವಳು ಪಾಸಾಗ್ತಾಳಾ ಎಂದು ಕೇಳಿದ್ದಳು. ರೆಕಾರ್ಡಿಂಗ್ ನಿಲ್ಲಿಸದೆ ನಾನು ಉತ್ತರ ಕೊಟ್ಟಿದ್ದೆ. ಪಾಸಾಗಲ್ಲ ಅಮ್ಮ, ನಂಗೂ ಗೊತ್ತು, ಓದಿ ಕೊಡದಿದ್ರೆ ನೊಂದ್ಕೋತಾಳೆ ಅಂತ ಓದ್ತಿದ್ದೀನಿ. ಆಮೇಲೆ ಅದನ್ನು ಅಳಿಸಿದ್ದೆ. ಈಗ ಆ ಮಾತು ಮುನ್ನೂರ ಹನ್ನೆರಡರಲ್ಲಿ ಎಲ್ಲೋ ಇತ್ತು.

ಮನೆಗೆ ಬಂದು ಹುಡುಕಲು ಕೂತೆ. ತಪ್ಪಾದಾಗಲೆಲ್ಲ ಆ ಭಾಗವನ್ನು ಮೊದಲಿನಿಂದ ಓದುವುದು ನನ್ನ ಅಭ್ಯಾಸ. ಹೀಗಾಗಿ ಒಂದೇ ಭಾಗ ಮೂರು ನಾಲ್ಕು ಫೈಲುಗಳಲ್ಲಿ ಒಂದೇ ರೀತಿ ಶುರುವಾಗುತ್ತಿತ್ತು. ತಪ್ಪಿರುವುದು ಎಲ್ಲೋ ನಡುವೆ. ಸರಿಯಾದದ್ದು ಯಾವುದೆಂದು ತಿಳಿಯಲು ಪೂರ್ತಿ ಕೇಳಬೇಕು. ನಿಯಮದ ಸಂಖ್ಯೆ ಒಂದು ತಪ್ಪಿದರೂ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಸಂಜೆಯವರೆಗೆ ಹನ್ನೊಂದು ಮುಗಿದವು. ಲೆಕ್ಕ ಹಾಕಿದರೆ ಎಲ್ಲವನ್ನೂ ಕೇಳಲು ಎಪ್ಪತ್ತೆಂಟು ತಾಸು ಬೇಕಿತ್ತು. ಪರೀಕ್ಷೆಗೆ ಐದು ದಿನ.

ಅದನ್ನು ಅಷ್ಟು ಬೇಗ ಮುಗಿಸಬಲ್ಲವಳು ಒಬ್ಬಳೇ. ಅಕ್ಕ ಯಾವುದನ್ನೂ ನಮ್ಮ ಹಾಗೆ ಕೇಳುವುದಿಲ್ಲ; ಮೂರು ಪಟ್ಟು ವೇಗದಲ್ಲಿ ಕೇಳುತ್ತಾಳೆ. ನಮಗೆ ಅದು ಸೀಸೆಯಲ್ಲಿ ಸಿಕ್ಕಿಬಿದ್ದ ನೊಣದ ಸದ್ದು, ಅವಳಿಗೆ ಒಂದಕ್ಷರವೂ ತಪ್ಪುವುದಿಲ್ಲ. ಫೈಲುಗಳನ್ನು ಅಕ್ಕನಿಗೇ ಕೊಡಬೇಕೆಂದು ಅಮ್ಮನಿಗೆ ಹೇಳಿದೆ. ಅಷ್ಟೊಂದು ಫೈಲುಗಳಲ್ಲಿ ಅದೊಂದು ಮಾತು ಅಕ್ಕನ ಗಮನಕ್ಕೆ ಬರಲಿಕ್ಕಿಲ್ಲ ಎಂದಳು. ಚಪ್ಪಲಿ ಸದ್ದಿನಲ್ಲೇ ಯಾರು ಬಂದರೆಂದು ಹೇಳುವವಳು ಅಕ್ಕ.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪು, ಹೊಸ ಡ್ರೈವು, ಆ ಜೆರಾಕ್ಸಿನ ಕಟ್ಟು ಎಲ್ಲ ಹೊತ್ತುಕೊಂಡು ಹೋದೆ. ಅಕ್ಕ ರಜೆ ಹಾಕಿ ಕೂತಿದ್ದಳು. ಬಿದ್ದದ್ದು, ಸುಳ್ಳು ಹೇಳಿದ್ದು, ಮಾಮನ ಅಂಗಡಿ, ಹೆಸರಿಲ್ಲದ ಫೈಲು, ಎಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅವಳು ಬೈಯಲಿಲ್ಲ, ಕೊಡು ಎಂದು ಕೈ ಚಾಚಿದಳು. ಹೆಡ್‌ಫೋನ್ ಅವಳ ಒಂದು ಕಿವಿಗೆ ಏರಿದಾಗ ನಾನು ತಡೆದೆ.

"ಅಕ್ಕ, ಇದ್ರಲ್ಲಿ ಒಂದು ಕಡೆ ನಾನು ನಿನ್ನ ಬಗ್ಗೆ ಮಾತಾಡಿದ್ದೀನಿ. ನೀನು ಪಾಸಾಗಲ್ಲ ಅಂದಿದ್ದೀನಿ."

ಅವಳ ಬೆರಳು ಹೆಡ್‌ಫೋನಿನ ಮೇಲೆ ನಿಂತಿತು.

"ಯಾರ ಹತ್ರ?"

"ಅಮ್ಮನ ಹತ್ರ. ಹನ್ನೆರಡು ಓದೋವಾಗ."

"ಹನ್ನೆರಡನ್ನ ಕೇಳೋವಾಗ ನಂಗೂ ಪಾಸಾಗಲ್ಲ ಅಂತಲೇ ಅನ್ನಿಸಿತ್ತು," ಎಂದಳು. ನಗಲಿಲ್ಲ. ಆಮೇಲೆ ಕೇಳಿದಳು, "ನಿಂಗೆ ಈಗ್ಲೂ ಹಾಗೇ ಅನ್ಸತ್ತಾ?"

ಇಲ್ಲ ಎನ್ನುವುದು ಸುಲಭವಿತ್ತು. "ಗೊತ್ತಿಲ್ಲ ಅಕ್ಕ," ಎಂದೆ.

"ಸರಿ. ಕೂತ್ಕೋ. ನಾನು ಹೇಳಿದ ಹಾಗೆ ಹೆಸರು ಹಾಕ್ತಾ ಹೋಗು."

ಎರಡು ದಿನ ಹಾಗೇ ಕೂತೆವು. ಹದಿನೇಳು, ಎರಡನೇ ಭಾಗ, ಇಟ್ಕೋ ಎನ್ನುವಳು. ಇನ್ನೊಂದರಲ್ಲಿ ಎಪ್ಪತ್ತೆರಡು ಎನ್ನಬೇಕಾದಲ್ಲಿ ಇಪ್ಪತ್ತೆರಡು ಅಂದಿದ್ದೀಯ, ತೆಗಿ ಎನ್ನುವಳು. ಪ್ರತಿ ಫೈಲಿಗೂ ಇದೇ ಇರಬಹುದೆಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಹೆಸರು ಟೈಪ್ ಮಾಡುವಾಗ ಬೆರಳು ತಪ್ಪುತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ಅವಳು ಒಮ್ಮೆ ನಿಲ್ಲಿಸಿದಳು. ವೇಗ ಇಳಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿದಳು. ನನಗೇನೂ ಕೇಳಿಸುತ್ತಿರಲಿಲ್ಲ, ಅವಳ ಮುಖ ಮಾತ್ರ ಕಾಣುತ್ತಿತ್ತು. ಕೆಳತುಟಿಯನ್ನು ಒಳಕ್ಕೆಳೆದುಕೊಂಡು ಹಾಗೇ ಕೂತಿದ್ದಳು.

"ಹನ್ನೆರಡು, ಮೂರನೇ ಭಾಗ," ಎಂದಳು ಕೊನೆಗೆ. "ಮಾತು ಶುರುವಾಗೋವರೆಗೂ ಸರಿಯಾಗಿ ಓದಿದ್ದೀಯ. ಅಲ್ಲಿಗೆ ಕತ್ತರಿಸಿ ಇಟ್ಕೋ." ಆಮೇಲೆ, "ಚಿಕ್ಕಮ್ಮಂಗೆ ಹೇಳು, ಅವ್ರ ದನಿ ಚೆನ್ನಾಗಿ ಬಂದಿದೆ," ಎಂದಳು.

ಸಂಜೆಗೆ ಮುನ್ನೂರ ಹನ್ನೆರಡೂ ಮುಗಿದವು. ಹನ್ನೆರಡರ ಆ ಮೂರನೇ ಭಾಗದ ಸರಿಯಾದ ಫೈಲು ಎಲ್ಲೂ ಸಿಗಲಿಲ್ಲ. ಉಳಿದದ್ದು ಆ ಅರ್ಧವೇ. ಮೂವತ್ತಮೂರು, ಮೂವತ್ತನಾಲ್ಕನೆಯ ಅಧ್ಯಾಯಗಳು ಇರಲೇ ಇಲ್ಲ. ಪರೀಕ್ಷೆಗೆ ಮೂರು ದಿನ. ಜೆರಾಕ್ಸಿನ ಕಟ್ಟು ತಂದಿದ್ದೀಯಾ ಎಂದು ಕೇಳಿ, ಅವಳು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿ ಕೂತಳು.

ಹನ್ನೆರಡರಲ್ಲಿ ಕತ್ತರಿಸಿದ ಜಾಗದ ಪಿಂಚಣಿ ಉದಾಹರಣೆಯಿಂದ ಶುರು ಮಾಡಿದೆ. ಎದುರಿಗೆ ಒಬ್ಬರು ಕೂತಿರುವಾಗ ನಾನು ಏನನ್ನೂ ಗಟ್ಟಿಯಾಗಿ ಓದಿದವಳಲ್ಲ, ಮೊದಲ ಸಾಲಿನಲ್ಲೇ ತಡವರಿಸಿದೆ. ಸೇವೆಯ ವರ್ಷ, ಕೊನೆಯ ಸಂಬಳ, ಕಳೆಯಬೇಕಾದ ತಿಂಗಳು. ಅಲ್ಲಿಗೆ ನಿಲ್ಲಿಸು, ಉತ್ತರ ಓದಬೇಡ ಎಂದಳು. ಬೆರಳ ಗಿಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತಾ ತುಟಿಯಲ್ಲೇ ಗುಣಿಸಿ, ಒಂದು ಸಂಖ್ಯೆ ಹೇಳಿದಳು. ನಾನು ಪುಟ ನೋಡಿದೆ. ಜೆರಾಕ್ಸಿನಲ್ಲಿ ಉತ್ತರದ ಜಾಗ ಪೂರಾ ಮಾಸಿಹೋಗಿತ್ತು. ಪೆನ್ನು ತೆಗೆದು ಅಂಚಿನಲ್ಲಿ ನಾನೇ ಲೆಕ್ಕ ಮಾಡಿದೆ. ನಂಬಿಕೆಯಾಗದೆ ಇನ್ನೊಂದು ಸಲ ಮಾಡಿದೆ. ಅವಳು ಕಾಯುತ್ತಿದ್ದಳು.

"ಸರಿ ಇದೆ ಅಕ್ಕ," ಎಂದೆ.

"ಮುಂದಿನದು ಓದು," ಎಂದಳು.