ಕೈಗುಣ

ಅವಳ ಕಣ್ಣೇ ತಪ್ಪಿದ್ದರೆ ಒಳ್ಳೆಯದಿತ್ತು. ಆದರೆ ಕಣ್ಣು ದಿನವೂ ಒಂದೇ ರೀತಿ ತಪ್ಪುತ್ತದೆಯೇ? ಇಲಿ ನೋಯುವ ಪಾದವನ್ನು ನೆಕ್ಕುತ್ತದೆ, ಅದನ್ನು ಎಣಿಸಬೇಕು. ತಪ್ಪಲು ಏನಿದೆ ಅದರಲ್ಲಿ? ಹಾಗಾದರೆ ಮೇಷ್ಟ್ರ ಮುಂದೆ ನಾನು ಯಾಕೆ 'ಹುಡುಗಿಯ ಕಣ್ಣು ಇನ್ನೂ ಪಳಗಿಲ್ಲ' ಎಂದುಬಿಟ್ಟೆ?

ಬಸ್ಸಿನ ಕಿಟಕಿಗೆ ಹಣೆಯೊತ್ತಿ ಕುಳಿತ ಸಂಶೋಧಕ ಇದನ್ನೇ ಮಗುಚಿ ಹಾಕುತ್ತಿದ್ದ. ಪ್ರಯೋಗಾಲಯದಲ್ಲಿ ಎಲ್ಲ ಇಲಿಗಳ ಪಾದಕ್ಕೂ ನೋವು ಬರಿಸಿ, ಎಣಿಸುವ ಕೆಲಸ ಹಂಚಿಕೊಂಡಿದ್ದರು. ನೋವು ನಿವಾರಿಸುವ ಹೊಸ ಔಷಧಿ ಕೊಟ್ಟ ಇಲಿಗಳು ಅವನಿಗೆ, ಕೊಡದವು ಅವನ ಕೈಕೆಳಗಿನ ಹುಡುಗಿಗೆ. ಅವನ ಇಲಿಗಳು ಪಾದದ ಗೋಜಿಗೇ ಹೋಗುತ್ತಿರಲಿಲ್ಲ. "ನಿನ್ನ ಕೈಗುಣ ಕಣಯ್ಯಾ!" ಎಂದು ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು ಬೆನ್ನು ತಟ್ಟಿದ್ದರು. ಖಾತ್ರಿಗೆಂದು ಔಷಧಿಯ ಇಲಿಗಳನ್ನೂ ಅವಳಿಗೆ ಕೊಟ್ಟಾಗ ಎಲ್ಲ ತಲೆಕೆಳಗಾಯಿತು. ಅವಳೆದುರು ಅವೂ ನೆಕ್ಕಿದವು. ತಿಂಗಳ ಕೊನೆಗೆ ಅವಳನ್ನು ಕೆಲಸದಿಂದ ಬಿಡಿಸುವುದೆಂದು ಮೇಷ್ಟ್ರು ತೀರ್ಮಾನಿಸಿದ್ದರು.

ಮನೆಯಲ್ಲಿ ಹೆಂಡತಿ ತಲೆನೋವೆಂದು ಮಲಗಿದ್ದಳು. ಅವನು ಅಂಗಿ ಬಿಚ್ಚಿ ಮಂಚದ ಮೇಲೆಸೆದ.

"ಅಯ್ಯೋ, ತೆಗೀರಿ ಅದನ್ನ! ಈ ಬೆವರು ನಾತಕ್ಕೆ ನನ್ನ ತಲೆನೋವೇ ಹೆದರಿ ಓಡ್ಹೋಯ್ತು."

ಅವನು ನಗಲಿಲ್ಲ. ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿದ.

"ಅದು ಯಾರಿಗ್ರೀ ಉಡುಗೊರೆ?"

"ಇಲಿಗಳಿಗೆ."

"ಪಾಪ, ಅವೇನು ಕರ್ಮ ಮಾಡಿದ್ವೋ!"

ಮರುದಿನ ಔಷಧಿ ಕೊಡದ ಇಲಿಗಳ ಕೋಣೆಯಲ್ಲಿ ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹೊದಿಸಿ, ಹುಡುಗಿಯನ್ನು ಎಣಿಸಲು ಕೂರಿಸಿ, ತಾನು ಹೊರಗೆ ನಿಂತ. ಬಾಗಿಲ ಗಾಜಿನಾಚೆ ಅವಳ ಹೆಬ್ಬೆರಳು ಎಣಿಕೆಯ ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು. ಒತ್ತಬಾರದೇ, ಒಮ್ಮೆಯಾದರೂ ಒತ್ತಬಾರದೇ ಎಂದುಕೊಳ್ಳುತ್ತಾ ಅವನು ಗಾಜಿಗೆ ಮುಖ ಹತ್ತಿಸಿದ. ಅವಳು ಒತ್ತಲಿಲ್ಲ. ಹೊರಬಂದಾಗ ಮುಖ ಬಾಡಿತ್ತು.

"ಅಣ್ಣಾ, ಔಷಧಿ ಕೊಟ್ಟಿಲ್ಲ, ಆದ್ರೂ ಒಂದೂ ನೆಕ್ತಿಲ್ಲ. ಮತ್ತೆ ತಪ್ಪು ಮಾಡಿದ್ನಾ?"

"ಇಲ್ಲಮ್ಮ. ನನ್ನ ಗಂಡಸಿನ ವಾಸನೆಗೆ ಹೆದರಿವೆ, ನಿನ್ನದಕ್ಕೆ ಹೆದರಲ್ಲ. ಹೆದರಿದಾಗ ನೋವು ಅಡಗಿಹೋಗತ್ತೆ."

ಮೇಷ್ಟ್ರು ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. "ಅಂದ್ರೆ ಔಷಧಿಯಲ್ಲಿ ಏನೂ ಇಲ್ಲ?"

"ನನ್ನ ಅಂಗಿಯಲ್ಲಿರೋಷ್ಟೂ ಇಲ್ಲ ಸರ್."

"ರೋಗಿಗಳಿಗೆ ಕೊಡೋಕೆ ಹೊರಟಿದ್ವಲ್ಲಯ್ಯಾ!"

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಆ ಹುಡುಗಿ ಎಲ್ಲೂ ಹೋಗೋದು ಬೇಡ ಅಂತ ಹೇಳು. ಇನ್ಮೇಲೆ ಎಣಿಸಿದ್ದು ಯಾರು ಅನ್ನೋದನ್ನೂ ಬರೀಬೇಕು," ಎಂದರು.

ಸಂಜೆ ಇಬ್ಬರೂ ಗಾಜಿನ ಪಾತ್ರೆಗಳನ್ನು ತೊಳೆಯುತ್ತಿದ್ದರು.

"ನೀವಿಲ್ದಿದ್ರೆ ನಾನು ಮನೇಲಿ ಕೂತಿರ್ತಿದ್ದೆ ಅಣ್ಣಾ," ಎಂದಳು ಅವಳು. "ಆದ್ರೂ ಒಂದು ಅರ್ಥ ಆಗಲ್ಲ. ಮೇಷ್ಟ್ರು ಆ ಕೋಣೆಗೆ ಕಾಲಿಟ್ಟೋರೇ ಅಲ್ಲ. ನನ್ನ ಕಣ್ಣು ಸರಿಯಿಲ್ಲ ಅಂತ ಅವರಿಗೆ ಹೊಳೆದಿದ್ದಾದ್ರೂ ಹೇಗೆ?"

ಅವನು ತೊಳೆದಿಟ್ಟ ಪಾತ್ರೆಯನ್ನೇ ತೆಗೆದು ಮತ್ತೆ ತೊಳೆದ. ಆ ಮಾತು ತನ್ನದೆಂದು ಅವಳಿಗೆ ಅವನು ಎಂದೂ ಹೇಳಲಿಲ್ಲ.