ಭಾನುವಾರದ ಗುಳಿಗೆ

ಜಮಖಂಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಪ್ರತಿಮಾಗೆ ಮೂವತ್ತೆಂಟನೆಯ ವಯಸ್ಸಿನಲ್ಲೇ ಬೆರಳ ಗಂಟುಗಳು ಬಾತು, ಬೆಳಿಗ್ಗೆ ಜಡೆ ಹಾಕಿಕೊಳ್ಳುವುದೂ ಆಗದಂತಾಗಿತ್ತು. ಮಿರಜದ ದೊಡ್ಡ ಡಾಕ್ಟರು ಅದು ಸಂಧಿವಾತ ಎಂದು ಹೇಳಿ ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು. ಪ್ರತಿದಿನ ಅಲ್ಲ, ವಾರಕ್ಕೊಮ್ಮೆ. ಭಾನುವಾರ ಊಟವಾದ ಮೇಲೆ ಆರು ಸಣ್ಣ ಹಳದಿ ಗುಳಿಗೆ.

"ತಿಂಗಳಿಗೊಮ್ಮೆ ರಕ್ತ ತಪಾಸಣೆ ತಪ್ಪಸಬ್ಯಾಡ್ರಿ. ಬ್ಯಾರೆ ಯಾವ ಡಾಕ್ಟರ್ ಕಡೆ ಹೋದ್ರೂ ಮೊದಲ ಈ ಗುಳಗಿ ಹೆಸರು ಹೇಳ್ರಿ" ಎಂದಿದ್ದರು ಅವರು.

ಎರಡು ವರ್ಷ ಪ್ರತಿಮಾ ಒಂದು ತಿಂಗಳೂ ತಪ್ಪಿಸಲಿಲ್ಲ. ಕೈ ಮತ್ತೆ ಅವಳದಾಯಿತು.

೨೦೦೮ರ ಡಿಸೆಂಬರಿನಲ್ಲಿ ಉರಿಮೂತ್ರವಾಗಿ ಮನೆಯ ಹತ್ತಿರದ ದವಾಖಾನೆಗೆ ಹೋದಳು. ಡಾಕ್ಟರರು ಮೊಬೈಲಿನಲ್ಲಿ ಮಾತಾಡುತ್ತಲೇ ಚೀಟಿ ಬರೆಯತೊಡಗಿದರು.

"ಸರ, ನಾ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತಗೋತೀನ್ರಿ. ಇದು ಅದರ ಕೂಡ ನಡೀತೈತೇನ್ರಿ?"

ಅವರು ಫೋನನ್ನು ಕಿವಿಯಿಂದ ಒಂದು ಬೆರಳಿನಷ್ಟು ಸರಿಸಿದರು. "ಇದು ಸಾದಾ ಸಲ್ಫಾ ಗುಳಗಿರಿ. ದಿನಾ ಎರಡು, ಏಳು ದಿವಸ. ಎಲ್ಲಾ ನಡೀತೈತಿ."

"ಒಮ್ಮೆ ನೋಡಿ ಹೇಳ್ರಲ್ಲ—"

"ಟೀಚರ್, ಡಾಕ್ಟರ್ ನೀವೋ ನಾನೋ?"

ಹೊರಗೆ ಕೂತಿದ್ದವರು ನಕ್ಕರು. ಪ್ರತಿಮಾ ಮುಖ ಕೆಂಪಾಗಿಸಿಕೊಂಡು ಎದ್ದು ಬಂದಳು. ಗುಳಿಗೆ ನುಂಗಿದಳು. ಭಾನುವಾರ ಬಂತು, ಹಳದಿಯ ಆರನ್ನೂ ನುಂಗಿದಳು.

ಬುಧವಾರ ಬಾಯಿತುಂಬ ಹುಣ್ಣು. ಮಜ್ಜಿಗೆಯೂ ಇಳಿಯಲಿಲ್ಲ, ಮೈ ಕೆಂಡದಂತೆ ಸುಡುತ್ತಿತ್ತು. ಯಾರೂ ಹೇಳದಿದ್ದರೂ ತಾನೇ ಲ್ಯಾಬಿಗೆ ಹೋಗಿ ರಕ್ತ ಕೊಟ್ಟಳು. ಲ್ಯಾಬಿನ ಶಶಿಕಾಂತ ಮಧ್ಯಾಹ್ನ ವರದಿ ಕೊಡುವಾಗ ಅವಳ ಮುಖ ನೋಡಲಿಲ್ಲ.

"ಬಿಳಿ ರಕ್ತಕಣ ಭಾಳ ಕಡಿಮಿ ಬಂದಾವ್ರಿ. ಹತ್ತೊಂಬತ್ತುನೂರು. ಡಾಕ್ಟರ್‌ಗೆ ತೋರಸ್ರಿ."

"ನೀವೇ ಒಂದು ಫೋನ್ ಮಾಡಿ ಹೇಳ್ರಲ್ಲ."

"ಅದು ನಮ್ಮ ಕೆಲಸ ಅಲ್ರಿ ಅಕ್ಕಾರ."

ದವಾಖಾನೆಯಲ್ಲಿ ಕಂಪೌಂಡರ್ ಒಬ್ಬನೇ ಕೂತಿದ್ದ. ಡಾಕ್ಟರು ಮುಧೋಳಕ್ಕೆ ಮದುವೆಗೆ ಹೋಗಿದ್ದರು, ನಾಳೆ ಬರಬೇಕಂತೆ. ಮಿರಜಕ್ಕೆ ಫೋನ್ ಮಾಡಿದರೆ ಅಲ್ಲಿಯ ಹುಡುಗಿ, ಡಾಕ್ಟರು ಪೇಷಂಟು ನೋಡುತ್ತಿದ್ದಾರೆ, ಜ್ವರಕ್ಕೆಲ್ಲ ನಿಮ್ಮ ಊರಿನವರಿಗೇ ತೋರಿಸಿ ಎಂದು ಇಟ್ಟುಬಿಟ್ಟಳು. ಪ್ರತಿಮಾ ಮೊಬೈಲ್ ಹಿಡಿದು ಬೀದಿಯಲ್ಲೇ ನಿಂತಳು. ಇಷ್ಟು ಜನ ತನ್ನ ರಕ್ತ ನೋಡಿದ್ದಾರೆ, ಇಷ್ಟು ಜನ ಚೀಟಿ ಬರೆದಿದ್ದಾರೆ. ಇದು ನನ್ನ ಹೊಣೆ ಎನ್ನುವವರು ಒಬ್ಬರೂ ಇಲ್ಲ.

ಎರಡೂ ಗುಳಿಗೆ ಬಂದ್ ಮಾಡಿ, ಬೀಳಗಿಯಲ್ಲಿ ಪುನರ್ವಸತಿ ಕಚೇರಿಯಲ್ಲಿದ್ದ ಗಂಡ ಶಿವಾಜಿಯನ್ನು ಕರೆಸಿಕೊಂಡು ಬಸ್ ಹತ್ತಿದಳು. ಕಬ್ಬಿನ ಟ್ರ್ಯಾಕ್ಟರುಗಳು ದಾರಿಯುದ್ದಕ್ಕೂ ಆಮೆಯಂತೆ ತೆವಳುತ್ತಿದ್ದವು. ಶಿವಾಜಿ ಕಂಡಕ್ಟರನ ಮೇಲೆ ಹರಿಹಾಯ್ದ. ಅವಳಿಗೆ ಬಾಯಿ ತೆರೆಯಲೂ ಆಗುತ್ತಿರಲಿಲ್ಲ.

ಮಿರಜದ ಡಾಕ್ಟರು ವರದಿ ನೋಡಿದವರೇ ನರ್ಸನ್ನು ಕೂಗಿದರು. "ಈ ಎರಡೂ ಗುಳಗಿ ಕೂಡಿದ್ರ ಎಲುಬಿನೊಳಗ ರಕ್ತ ಹುಟ್ಟೂದ ನಿಲ್ತೈತಿ. ಇನ್ನೆರಡು ದಿವಸ ತಡಾ ಮಾಡಿದ್ರ ಕಷ್ಟ ಇತ್ತು. ಯಾರಿಗೂ ಹೇಳಿರಲಿಲ್ಲೇನ್ರಿ?"

ಅವಳು ಬೆರಳೆತ್ತಿ ಶಿವಾಜಿಗೆ ಸನ್ನೆ ಮಾಡಿದಳು. ಅವನು ಹೇಳಿದ, "ಹೇಳಿದ್ಳರಿ ಸರ. ಕೇಳವರ ಇರಲಿಲ್ಲ. ನಿಮ್ಮಲ್ಲಿಗೂ ಫೋನ್ ಮಾಡಿದ್ಳರಿ."

ಡಾಕ್ಟರು ತಮ್ಮ ಸ್ವಂತ ನಂಬರನ್ನು ಅವಳ ಕಡತದ ಮೇಲೆ ಬರೆದುಕೊಟ್ಟರು.

ಹತ್ತು ದಿನ ಮಂಚದ ಮೇಲೆ, ಸೂಜಿ, ಸಲಾಯಿನ್. ರಕ್ತಕಣ ಏರಿದವು. ಆದರೆ ಮೆಥೊಟ್ರೆಕ್ಸೇಟ್ ಸದ್ಯಕ್ಕೆ ನಿಲ್ಲಿಸಿದ್ದರಿಂದ ಊರಿಗೆ ಬರುವಷ್ಟರಲ್ಲಿ ಗಂಟುಗಳು ಮತ್ತೆ ಬಾತವು. ಎರಡು ವರ್ಷ ಕಾಪಾಡಿಕೊಂಡ ಕೈ, ಒಂದು ಸಾದಾ ಗುಳಿಗೆಗೆ ಹೋಯಿತು.

ಊರಿಗೆ ಬಂದ ಮರುದಿನವೇ ಅವಳು ಶಿವಾಜಿಯನ್ನು ಕರೆದುಕೊಂಡು ಮನೆಯ ಹತ್ತಿರದ ಆ ದವಾಖಾನೆಗೆ ಹೋದಳು. ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರವಿದಳು. ಡಾಕ್ಟರರು ನಿಧಾನ ಓದಿದರು.

"ನೀವು ಮೊದಲ ಹೇಳಬೇಕಾಗಿತ್ತರಿ ಟೀಚರ್."

"ಹೇಳಿದ್ನಿ. ನೀವು ಫೋನಿನ್ಯಾಗಿದ್ರಿ."

ಶಿವಾಜಿ ಅವಳ ಸೆರಗು ಜಗ್ಗಿದ. ಅವಳು ಏಳಲಿಲ್ಲ.

"ನಿಮ್ಮ ಕಡೆ ಇರೂ ನನ್ನ ಹೆಸರಿನ ಚೀಟಿ ತಗೀರಿ. ಮ್ಯಾಲೆ ಬರೀರಿ, ಈ ಸಲ್ಫಾ ಗುಳಗಿ ಇಕಿಗೆ ಕೊಡಬಾರದು ಅಂತ. ಬರಿಯೂತನಕ ನಾ ಏಳಂಗಿಲ್ಲ."

ಹೊರಗಿನವರು ಗೊಣಗತೊಡಗಿದರು. ಕಂಪೌಂಡರ್ ಎರಡು ಸಲ ಇಣುಕಿದ. ಕೊನೆಗೆ ಡಾಕ್ಟರರು ಪೆನ್ ತೆಗೆದು ಬರೆದರು. ಅವಳು ಓದಿಸಿ ಕೇಳಿದಳು. ತಪ್ಪಾಯಿತು ಎಂದು ಅವರು ಹೇಳಲಿಲ್ಲ. ಅವಳು ಬಾಗಿಲು ದಾಟುವ ಮೊದಲೇ, ಮುಂದಿನವರನ್ನು ಕಳಿಸು ಎಂದು ಕೂಗಿದರು.

"ಆತಿಲ್ಲೋ, ಈಗರ ಸಮಾಧಾನ ಆತೇನು?" ಎಂದ ಶಿವಾಜಿ, ಹೊರಗೆ ಸ್ಕೂಟರ್ ತಿರುಗಿಸುತ್ತ.

"ಇಲ್ಲ" ಎಂದಳು ಪ್ರತಿಮಾ. "ಇವತ್ತ ಅವ್ರು ನನ್ನ ಒಬ್ಬಾಕಿ ಚೀಟಿ ಮ್ಯಾಲೆ ಅಷ್ಟ ಬರದಾರ. ಉಳದವ್ರ ಚೀಟಿ ಮ್ಯಾಲೆ ಯಾರ ಬರೀತಾರ?"