ಅರ್ಜಿ ಅವಳದು, ನಂಬರ್ ಯಜಮಾನರದು

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಅರ್ಜಿ ತುಂಬುವುದಕ್ಕೆ ಒಂದು ಕ್ರಮವಿದೆ. ಹೆಸರು ತಮ್ಮದು, ಸಹಿ ತಮ್ಮದು, ಫೋನ್ ನಂಬರ್ ಮಾತ್ರ ಯಜಮಾನರದು. ಗ್ಯಾಸಿಗೂ ಅದೇ, ಮಗುವಿನ ಶಾಲೆಗೂ ಅದೇ. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿರುವ ವಿಜಯಲಕ್ಷ್ಮಿಯೂ ಹಾಗೆಯೇ ಬರೆದಳು. ಸ್ವಂತ ಫೋನು ಪಕ್ಕದಲ್ಲೇ ಇತ್ತು.

ಅವಳು ಗದಗದ ಶಾಲೆಯೊಂದರಲ್ಲಿ ಆಟದ ಟೀಚರಾಗಿದ್ದವಳು. ಹುಡುಗಿಯರ ಖೋ ಖೋ ತಂಡವನ್ನು ಜಿಲ್ಲಾ ಮಟ್ಟಕ್ಕೆ ಕರೆದೊಯ್ದಿದ್ದಳು. ಮಗಳು ಅರ್ಪಿತ ಹುಟ್ಟಿದ ಮೇಲೆ ಕೆಲಸ ಬಿಟ್ಟು ಈಗ ಒಂಬತ್ತು ವರ್ಷ. ಜೆ.ಪಿ. ನಗರದ ಒಂದು ಸಮುದಾಯ ಭವನದಲ್ಲಿ ಸಂಜೆ ಮಕ್ಕಳಿಗೆ ಆಟ ಆಡಿಸಲು ಒಬ್ಬರು ಬೇಕೆಂಬ ಸುದ್ದಿ ತಂದವಳು ಇಂದ್ರಾಣಿ. ಭವನದ ಬೀಗದ ಕೈ, ಕುರ್ಚಿ, ಚೆಂಡುಗಳೆಲ್ಲ ಅವಳ ಉಸ್ತುವಾರಿ. ಅವಳ ಮೊಮ್ಮಗಳೂ ಅರ್ಪಿತಳೂ ಒಂದೇ ಶಾಲೆ.

"ಮಗಳನ್ನೂ ಕರ್ಕೊಂಡ್ ಬಾ ವಿಜಿ. ಎರಡೂವರೆ ಗಂಟೆ ಕೆಲ್ಸ. ನಿನ್ಗೇ ಅಳತೆ ತಗೊಂಡು ಹೊಲ್ದಂಗಿದೆ," ಎಂದಿದ್ದಳು.

ಅರ್ಜಿ ಹೋಯಿತು. ಒಂದು ವಾರ, ಎರಡು ವಾರ, ಮೂರು ವಾರ. ದಿನಾ ಸಂಜೆ ಗಂಡ ಸಿದ್ದಾರೂಢ ಬೂಟು ಬಿಚ್ಚುವಾಗ ಅವಳದು ಒಂದೇ ಪ್ರಶ್ನೆ.

"ಯಾರರ ಫೋನ್ ಮಾಡಿದ್ರೇನ್ರೀ?"

"ಯಾರು ಮಾಡ್ತಾರ? ಲೋನ್ ಕೊಡ್ತೀವಿ ಅನ್ನವ್ರು, ಸೈಟ್ ಮಾರವ್ರು. ಅವರಿಗಷ್ಟ ನನ್ನ ನೆನಪು."

ಆಮೇಲೆ ಅವಳು ಕೇಳುವುದನ್ನೂ ಬಿಟ್ಟಳು. ಒಂಬತ್ತು ವರ್ಷ ಮನೆಯಲ್ಲಿ ಕೂತವಳನ್ನು ಯಾರು ಕರೆಯುತ್ತಾರೆ ಎಂದುಕೊಂಡಳು. ಶಾಲೆಯ ಗೇಟಿನಲ್ಲಿ ಇಂದ್ರಾಣಿ ಕೂಡ ಮುಖ ತಿರುಗಿಸಿದಾಗ ಉಳಿದ ಅನುಮಾನವೂ ಹೋಯಿತು. ಮನೆಗೆ ಬಂದು ತನ್ನ ಹಳೆಯ ಟ್ರ್ಯಾಕ್ ಪ್ಯಾಂಟನ್ನು ಹರಿದು ನೆಲ ಒರೆಸುವ ಬಟ್ಟೆ ಮಾಡಿದಳು. ನೀರು ಹೀರುವ ಬಟ್ಟೆಯೇ ಅಲ್ಲ ಅದು. ಆದರೂ ಒರೆಸಿದಳು.

ಮರುದಿನ ತಡೆಯಲಾರದೆ ಗೇಟಿನಲ್ಲಿ ಅಡ್ಡ ನಿಂತಳು.

"ಇಂದ್ರಕ್ಕ, ನನಗ ಕೆಲಸ ಸಿಗಲಿಲ್ಲಂದ್ರ ಸಿಗಲಿಲ್ಲ. ನೀವ್ಯಾಕ ಮಾರಿ ತಿರುಗಸ್ತೀರಿ?"

"ಚೆನ್ನಾಗಿದೆ ಕಣಮ್ಮ. ಕಮಿಟಿ ಮುಂದೆ ನಿನ್ನ ಹೊಗಳಿ ಹೊಗಳಿ ನನ್ ಬಾಯಿ ಒಣಗಿತ್ತು. ನಮ್ಮ ಸೆಕ್ರೆಟರಿ ಕಾತ್ಯಾಯಿನಿ ಮೇಡಂ ಎರಡ್ ಸಲ ಫೋನ್ ಮಾಡಿದ್ರು. ನಿಮ್ಮನೆಯವ್ರು, ನಮಗೇನೂ ಬೇಡ, ಇನ್ನೊಂದ್ ಸಲ ಮಾಡಿದ್ರೆ ಕಂಪ್ಲೇಂಟ್ ಕೊಡ್ತೀನಿ ಅಂದ್ರಂತೆ. ಬೇಡ ಅಂದ್ರೆ ನನ್ಗೊಂದ್ ಮಾತು ಹೇಳೋದಲ್ವಾ?"



"ನನಗ ಅವರು ಹೇಳೇ ಇಲ್ಲಕ್ಕ. ಮತ್ತ ಈಗ?"

"ಈಗೇನು, ಸೋಮವಾರದಿಂದ ಬೇರೆ ಹುಡುಗಿ ಬರ್ತಿದಾಳೆ. ಪಾಪ, ಒಳ್ಳೆಯವ್ಳೇ. ಖೋ ಖೋಗೆ ಎಷ್ಟ್ ಜನ ಬೇಕು ಅಂತ ನನ್ನ ಕೇಳಿದ್ಲು."

ಅಂದು ಸಂಜೆ ಅವಳು ವಿಷಯ ತಿಳಿಸಿದಾಗ ಸಿದ್ದಾರೂಢ ಒಂದು ಬೂಟು ಬಿಚ್ಚಿ ಹಾಗೆಯೇ ಕುಳಿತ.

"ರಿಕ್ರಿಯೇಷನ್ ಸೆಂಟರ್ ಅಂದ್ರು. ಕ್ಲಬ್ ಮೆಂಬರ್‌ಶಿಪ್ ಮಾರಾಕತ್ಯಾರ ಅನ್ಕೊಂಡೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನ್ಯಾಗ ಇದ್ನೆ, ಮುಂದ ಕೇಳಲೇ ಇಲ್ಲ... ಅದು ನಿಂದೇನ?"

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಟ್ರ್ಯಾಕ್ ಪ್ಯಾಂಟ್ ಹರದು ನೆಲ ಒರಸಾಕ ಇಟ್ಟೀನ್ರೀ," ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುದಿನ ಅವನು ರಜೆ ಹಾಕಿ ಅವಳೊಂದಿಗೆ ಭವನಕ್ಕೆ ಬಂದ. ಕಾತ್ಯಾಯಿನಿ ಭವನ ನಡೆಸುವ ಸಂಘದ ಕಾರ್ಯದರ್ಶಿ. ಅವನ ದನಿಯನ್ನು ಕೂಡಲೇ ಗುರುತಿಸಿದರು.

"ಎರಡ್ ಸಲ ಬೈಸಿಕೊಂಡವ್ರು ಮೂರನೇ ಸಲ ಮಾಡಲ್ಲ ಸಾರ್."

"ತಪ್ಪಾತು ಮೇಡಂ. ಬೈದಿದ್ದು ನಾನು, ಕೆಲಸ ಹೋಗಿದ್ದು ಇಕಿದು."

"ಬೇಸಿಗೆ ಶಿಬಿರಕ್ಕೆ ಇನ್ನೊಬ್ರು ಬೇಕಾಗಬಹುದು. ಬೇಕಾಗುತ್ತೆ ಅಂತ ಹೇಳ್ತಿಲ್ಲ. ಫಾರಂ ತುಂಬಿಟ್ಟು ಹೋಗಿ."

ಫಾರಂ ಹೆಂಡತಿಯ ಕಡೆಗೆ ಸರಿಸಿ ಸಿದ್ದಾರೂಢ ಹೇಳಿದ: "ಈ ಸಲ ನಿನ್ನ ನಂಬರ್ ಬರಿ."

ಪೆನ್ನು ಅಲ್ಲೇ ನಿಂತಿತು. ಅವಳಿಗೆ ತನ್ನ ನಂಬರ್ ಗೊತ್ತಿರಲಿಲ್ಲ. ಗಂಡನದು ಮಾತ್ರ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಅವನು ತನ್ನ ಫೋನಿನಲ್ಲಿ 'ಮನಿ', ಅಂದರೆ ಮನೆ, ಎಂದು ಬರೆದುಕೊಂಡಿದ್ದ ಹೆಸರನ್ನು ಹುಡುಕಿ, ತಲೆ ತಗ್ಗಿಸಿ, ಹತ್ತು ಅಂಕಿಗಳನ್ನು ಒಂದೊಂದಾಗಿ ಓದಿದ. ಅವಳು ಬರೆದಳು.

ಇನ್ನೂ ಕರೆ ಬಂದಿಲ್ಲ. ಬರದೆಯೂ ಹೋಗಬಹುದು. ಬಂದರೆ ಎತ್ತುವವಳು ಅವಳೇ ಎಂಬುದಷ್ಟೇ ಸಮಾಧಾನ.

ಅಕ್ಕತಂಗಿಯರೇ, ನಿಮ್ಮ ನಂಬರ್ ನಿಮಗೆ ಬಾಯಿಪಾಠವಿದೆಯೇ? ಇಲ್ಲದಿದ್ದರೆ ಇವತ್ತೇ ಕಲಿಯಿರಿ. ಕೆಲಸದ ಅರ್ಜಿಯಲ್ಲಿ ಅದನ್ನೇ ಬರೆಯಿರಿ. ವಾರದಲ್ಲಿ ಉತ್ತರ ಬಾರದಿದ್ದರೆ ನಿಮ್ಮನ್ನು ನೀವು ಹಳಿದುಕೊಳ್ಳುವ ಮೊದಲು ಹೋಗಿ ವಿಚಾರಿಸಿ. ಅಣ್ಣತಮ್ಮಂದಿರೇ, ಗುರುತಿಲ್ಲದ ಕರೆ ಬಂದರೆ ಬೈಯುವ ಮುನ್ನ ಯಾರಿಗಾಗಿ ಎಂದು ಒಂದು ಮಾತು ಕೇಳಿ. ನಿಮ್ಮದೇ ಮನೆಯಲ್ಲಿ ಯಾರೋ ಮೂರು ವಾರದಿಂದ ಅದಕ್ಕಾಗಿಯೇ ಕಾದು ಕುಳಿತಿರಬಹುದು.